ಓಬಣ್ಣನ ದೀಪದ ದೋಣಿ

ಸೆವ್ರಿನ್ ಸಿಸ್ಟರ್ ಮಾತಿನ ಭರದಲ್ಲಿ ಅದೊಂದು ಮಾತು ಅಂದಿರದಿದ್ದರೆ ಓಬಣ್ಣನಿಗೆ ಆ ಫಜೀತಿ ಬರುತ್ತಿರಲಿಲ್ಲ.

ಸಿಸ್ಟರು ಹಲವಾಗಲಿನ ಸರ್ಕಾರಿ ದವಾಖಾನೆಯ ನರ್ಸು, ಕುಂದಾಪುರದ ಕಡೆಯವರು. ಓಬಣ್ಣ ತುಂಗಭದ್ರೆಯಲ್ಲಿ ಎಂಟು ಜನ ಹಿಡಿಯುವ ದೋಣಿ ನಡೆಸುವವನು. ಮೂರು ತಿಂಗಳ ಹಿಂದೆ ಅವನ ಮಗಳು ರೇಖಾಳ ಹೆರಿಗೆ ಕಷ್ಟವಾದಾಗ, ಇಡೀ ದಿನ ಅನ್ನ ನೀರು ಬಿಟ್ಟು ತಾಯಿ ಮಗು ಇಬ್ಬರನ್ನೂ ಉಳಿಸಿದವರು ಈ ಸಿಸ್ಟರು. ಓಬಣ್ಣ ಜೋಡಿ ಹುಂಜ ಒಯ್ದು ಕೊಟ್ಟರೆ ಬೇಡವೆಂದರು. ಸೀರೆ ಬೇಡವೆಂದರು. ಋಣ ಹೊತ್ತುಕೊಂಡು ಅಡ್ಡಾಡುವುದು ಅವನಿಗೆ ಮುಳ್ಳು ಮುರಿದ ಕಾಲಲ್ಲಿ ನಡೆದ ಹಾಗಿತ್ತು.

ಡಿಸೆಂಬರ್ ಇಪ್ಪತ್ತಮೂರರ ಸಂಜೆ ಹೊಳೆ ದಂಡೆಗೆ ಬಂದ ಸಿಸ್ಟರು ದೋಣಿ ನೋಡುತ್ತಾ, "ಕ್ರಿಸ್‌ಮಸ್ಸಿಗೆ ನಮ್ಮಪ್ಪ ದೋಣಿಗೆಲ್ಲ ಲೈಟು ಹಾಕ್ತಿದ್ರು ಓಬಣ್ಣ. ಎಷ್ಟು ಚೆಂದ ಕಾಣ್ತಿತ್ತು ಗೊತ್ತುಂಟಾ?" ಎಂದು ನಿಟ್ಟುಸಿರಿಟ್ಟು ಹೋದರು.

ಓಬಣ್ಣ ಮನೆಗೆ ಓಡಿ ಬಂದು ಹೆಂಡತಿಗೆ ಹೇಳಿದ. "ನಾಳಿ ಸಂಜಿಗೆ ನಮ್ಮ ದೋಣಿಗೆ ಲೈಟು ಹಾಕೋದ, ಸಿಸ್ಟರನ್ನ ಕುಂದರಿಸಿ ಒಂದು ಸುತ್ತು ಹಾಕಿಸೋದ!"

"ಮನಿಯಾಗಿನ ಬಲ್ಬು ಹೋಗಿ ಹದಿನೈದು ದಿನ ಆತು," ಎಂದಳು ಪಕ್ಕೀರಮ್ಮ. ಓಬಣ್ಣ ಕೇಳಿಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಸೌಂಡು-ಲೈಟಿನ ಗುರುಸಂಗಪ್ಪನ ಅಂಗಡಿ ಮುಂದೆ ನಿಂತ. ಊರಿನ ಮದುವೆಗಳಿಗೆಲ್ಲ ಬೆಳಕು ಕೊಡುವ ಗುರುಸಂಗಪ್ಪನ ಮುಖ ಮಾತ್ರ ಯಾವಾಗಲೂ ಕರೆಂಟು ಹೋದ ಓಣಿಯಂತಿರುತ್ತಿತ್ತು.

"ಕ್ರಿಸ್‌ಮಸ್ಸಾ? ನಮಗ್ಯಾಕಲೇ ಅದು? ಇರೋ ಹಬ್ಬಕ್ಕ ಬಲ್ಬು ಸಾಲವಲ್ದು."

"ನಿನ್ನ ತಮ್ಮನ ಕೂಸಿಗೆ ಜ್ವರ ಬಂದಾಗ ಯಾರ ಕಡಿ ಓಡಿದ್ರಿ? ಆವಾಗ ಆಕಿ ಯಾವ ಹಬ್ಬದಾಕಿ ಅಂತ ಕೇಳಿದ್ಯಾ?"

ಗುರುಸಂಗಪ್ಪ ಅಟ್ಟಕ್ಕೆ ಕೈ ಹಾಕಿದ. ಬ್ಯಾಟರಿಗೆ ಹತ್ತುವ ಸಣ್ಣ ಬಲ್ಬಿನ ಆರು ಸರ ತೆಗೆದ. ಆದರೆ ಒಂದು ಷರತ್ತು. 'ಬೆಳಕಿನ ಸೇವೆ: ಗುರುಸಂಗಪ್ಪ' ಎಂಬ ತನ್ನ ಬೋರ್ಡು ದೋಣಿಯ ಮೂತಿಗೆ ಇರಬೇಕು. ಬೋರ್ಡು ನೋಡಿದರೆ ದೋಣಿಯ ಅರ್ಧದಷ್ಟಿತ್ತು. "ಹಬ್ಬ ಸಿಸ್ಟರದ್ದು, ದೋಣಿ ನಂದು, ಹೆಸರು ಇವಂದು!" ಎಂದು ಗೊಣಗುತ್ತಲೇ ಓಬಣ್ಣ ಬೋರ್ಡು ಹೊತ್ತ.

ಬ್ಯಾಟರಿಗೆ ಟ್ರ್ಯಾಕ್ಟರಿನ ಅಜ್ಜಯ್ಯನ ಮನೆಗೆ ಹೋದ. ಅಜ್ಜಯ್ಯ ಊಟಕ್ಕೆ ಬಂದವನು ಹಾಗೇ ಜಗಲಿ ಮೇಲೆ ಗೊರಕೆ ಹೊಡೆಯುತ್ತಿದ್ದ. ಅವನ ಹೆಂಡತಿ ಗುರುಬಸಮ್ಮ, "ಸಿಸ್ಟರಿಗಾದ್ರ ಒಯ್ಯಿ. ಟ್ರ್ಯಾಕ್ಟರ್ ಹೊಲದಾಗ ನಿಂತೈತಿ, ಬಿಚ್ಚಿಕ್ಯಂಡು ಹೋಗು. ಇವರು ಏಳೋದು ಇನ್ನು ಸಂಜಿಗೇ," ಎಂದಳು.

ದಂಡೆಗೆ ಬಂದು ನೋಡಿದರೆ ದೋಣಿಯ ಸುತ್ತ ಜನ. ಲೈಟು ಕಟ್ಟಲು ಶುರು ಮಾಡಿದ್ದೇ ತಡ, ಊರಿಗೆ ಊರೇ ಎಂಜಿನಿಯರಾಯಿತು. ಒಬ್ಬ ಸರ ಅಡ್ಡ ಕಟ್ಟು ಎಂದ, ಇನ್ನೊಬ್ಬ ಉದ್ದ ಎಂದ. ಓಬಣ್ಣ ಬಿದಿರಿನ ಕಡ್ಡಿಗೆ ಬಣ್ಣದ ಹಾಳೆ ಅಂಟಿಸಿ ಮಾಡುತ್ತಿದ್ದ ಕ್ರಿಸ್‌ಮಸ್ ನಕ್ಷತ್ರಕ್ಕೆ ಐದು ಮೂಲೆಯೋ ಆರು ಮೂಲೆಯೋ ಎಂಬ ಜಗಳ ಕೈ ಕೈ ಮಿಲಾಯಿಸುವ ತನಕ ಹೋಯಿತು. ಅಷ್ಟರಲ್ಲಿ ಆಚೆ ದಂಡೆಗೆ ಹೋಗಬೇಕಾದ ಕುರಿಯವನೊಬ್ಬ, "ನಿನ್ನ ಶೃಂಗಾರ ಆಮ್ಯಾಲೆ, ಮೊದಲು ನಮ್ಮನ್ನ ದಾಟಸು," ಎಂದು ನಾಲ್ಕು ಕುರಿ ಹತ್ತಿಸಿಯೇಬಿಟ್ಟ. ಆಚೆ ಮುಟ್ಟುವುದರೊಳಗೆ ಕುರಿಗಳು ನಕ್ಷತ್ರದ ಬಣ್ಣದ ಹಾಳೆಯನ್ನು ಮೇದು ಮುಗಿಸಿದ್ದವು. ಉಳಿದದ್ದು ಬಿದಿರಿನ ಕಡ್ಡಿ. ಅದಕ್ಕೆ ಎಷ್ಟು ಮೂಲೆ ಎಂದು ಈಗ ಯಾರೂ ಕೇಳಲಿಲ್ಲ.

"ನಿಮ್ಮ ಕುರಿಗೆ ಹುಲ್ಲು ಹಾಕಾಂಗಿಲ್ಲೇನು?" ಓಬಣ್ಣ ಚೀರಿದ.

"ಬಣ್ಣದ ಹುಲ್ಲು ಅಂತ ತಿಂದಾವು. ಅವಕ್ಕೇನು ಗೊತ್ತು," ಎಂದು ಕುರಿಯವನು ಇಳಿದು ಹೋದ.

ಪಕ್ಕೀರಮ್ಮ ತನ್ನ ಹಳೇ ಹಳದಿ ಸೀರೆ ಹರಿದು ನಕ್ಷತ್ರಕ್ಕೆ ಸುತ್ತಿ ಕೊಟ್ಟಳು. ನಾಲ್ಕು ಗಂಟೆಗೆ ಓಬಣ್ಣ ಬ್ಯಾಟರಿಗೆ ತಂತಿ ಸಿಕ್ಕಿಸಿದ. ಕೆಂಪು, ಹಸಿರು, ನೀಲಿ ಬಲ್ಬು ಝಗ್ಗೆಂದವು. ಓಬಣ್ಣನ ಬಾಯಿಯೂ ಅಷ್ಟೇ ಅಗಲ ತೆರೆಯಿತು. ಮುಚ್ಚುವ ಮೊದಲೇ ದಿಬ್ಬದ ಮೇಲಿಂದ ಅಜ್ಜಯ್ಯನ ಕೂಗು ಬಂತು.

"ಲೇ ಓಬ್ಯಾ! ನನ್ನ ಟ್ರ್ಯಾಕ್ಟರು ಹೊಲದಾಗ ಸತ್ತ ಎಮ್ಮಿ ಬಿದ್ದಂಗ ಬಿದ್ದೈತಿ! ಕೊಡು ಬ್ಯಾಟರಿ!"

"ನಿಮ್ಮ ಮನಿ ಅಕ್ಕಾವರ ಕೊಟ್ಟಾರ್ರಿ!"

"ಟ್ರ್ಯಾಕ್ಟರ್ ಅಕ್ಕಂದಲ್ಲ, ನಂದು!"

ಸಿಸ್ಟರ ಹೆಸರು ಹೇಳಿದ ಮೇಲೆ ಅಜ್ಜಯ್ಯ ಅರ್ಧ ತಣ್ಣಗಾದ. ಬ್ಯಾಟರಿ ಇರಲಿ, ಆದರೆ ಅದು ನೀರಿಗೆ ಬೀಳದಂತೆ ತಾನೇ ಪಕ್ಕದಲ್ಲಿ ಕೂರುತ್ತೇನೆ ಎಂದ. ಕೂತೂ ಬಿಟ್ಟ, ಬ್ಯಾಟರಿಯನ್ನು ಎಳೆಗೂಸಿನಂತೆ ತೊಡೆ ನಡುವೆ ಇಟ್ಟುಕೊಂಡು. ಅವನು ಕೂತಿದ್ದು ನೋಡಿ, ಬಲ್ಬು ಕದ್ದರೆ ಎಂದು ಗುರುಸಂಗಪ್ಪನೂ ಹತ್ತಿ ಕೂತ. ಸಿಸ್ಟರಿಗೆಂದು ಹಾಸಿದ್ದ ಹೊಸ ಜಮಖಾನದ ಮೇಲೆ!

"ಏಳ್ರಿ ಅಲ್ಲಿಂದ! ಅದು ಸಿಸ್ಟರ ಜಾಗ!"

"ಬಂದಾಗ ಏಳ್ತೀವಿ ತಡಿಯಲೇ," ಎಂದರು ಇಬ್ಬರೂ ಒಂದೇ ದನಿಯಲ್ಲಿ.

ಸೂರ್ಯ ಇಳಿಯುವ ಹೊತ್ತಿಗೆ, ಓಬಣ್ಣ ಹೇಳಿ ಕಳಿಸಿದ್ದಂತೆ ಸಿಸ್ಟರು ಬಂದರು. ನೀರಿನ ಮೇಲೆ ಬಣ್ಣಬಣ್ಣದ ದೀಪ, ನೀರಿನೊಳಗೆ ಇನ್ನೊಂದಷ್ಟು ದೀಪ. ಸಿಸ್ಟರು ಕೈಯಿಂದ ಬಾಯಿ ಮುಚ್ಚಿಕೊಂಡರು. ಕಣ್ಣಲ್ಲಿ ನೀರು.

"ಯಾರು ಮಾಡಿದ್ದು ಇದು?"

ಓಬಣ್ಣ ಗಂಟಲು ಸರಿಮಾಡಿಕೊಂಡ. "ನಾವೇ ರೀ!" ಎಂದರು ದೋಣಿಯೊಳಗಿನಿಂದ ಗುರುಸಂಗಪ್ಪ, ಅಜ್ಜಯ್ಯ.

ಓಬಣ್ಣ ಸಿಟ್ಟು ತಡೆದುಕೊಂಡು, "ಬರ್ರಿ ಸಿಸ್ಟರ್, ಒಂದು ಸುತ್ತು ಹೋಗಿ ಬರೋಣು," ಎಂದ.

"ನಾನೊಬ್ಳೇ ನೋಡಿ ಖುಷಿ ಪಡುವುದು ಹೇಗೆ ಓಬಣ್ಣ? ವಾರ್ಡಲ್ಲಿ ಮೂರು ಬಾಣಂತಿಯರಿದ್ದಾರೆ. ಪಾಪ, ಅವರೂ ನೋಡ್ಬೇಕಿತ್ತು."

"ಅದಕ್ಯಾಕ ಚಿಂತಿ ಮಾಡ್ತೀರಿ?" ಗುರುಸಂಗಪ್ಪ ಎದ್ದು ನಿಂತ. "ದೋಣೀನ ದವಾಖಾನಿಗೆ ಒಯ್ದ್ರಾತು!"

"ಯಾರ ದೋಣಿ? ಯಾರನ್ನ ಕೇಳಿ?" ಎಂದು ಓಬಣ್ಣ ಅನ್ನುವಷ್ಟರಲ್ಲಿ ಇಪ್ಪತ್ತು ಹೆಗಲು ದೋಣಿಯ ಕೆಳಗೆ ಸೇರಿದ್ದವು. ಬ್ಯಾಟರಿ ಬಿಟ್ಟು ಇಳಿಯಲು ಅಜ್ಜಯ್ಯ ಒಪ್ಪಲಿಲ್ಲ. ಹಾಗಾಗಿ ಅವನನ್ನೂ ಸೇರಿಸಿಯೇ ಎತ್ತಿದರು. ದೀಪ ಮಿನುಗಿಸುತ್ತಾ ದೋಣಿ ಊರ ನಡುವಿನ ಬೀದಿಯಲ್ಲಿ ಹೊರಟಿತು. ಹುಟ್ಟು ಹಿಡಿದುಕೊಂಡು ಹಿಂದಿನಿಂದ ಓಡಿದವನು ಓಬಣ್ಣ ಒಬ್ಬನೇ. ದವಾಖಾನೆ ಅಂಗಳದಲ್ಲಿ ದೋಣಿ ಇಳಿಸಿದಾಗ ಬಾಣಂತಿಯರು ಕಿಟಕಿಯಲ್ಲಿ ನಿಂತು ಕೂಸುಗಳಿಗೆ ದೀಪ ತೋರಿಸಿದರು. ಅದರಲ್ಲೊಬ್ಬಳು ನಕ್ಕಿದ್ದು ನೋಡಿ ಓಬಣ್ಣನ ಸಿಟ್ಟು ಸ್ವಲ್ಪ ಕರಗಿತು.

"ಇವತ್ತೊಂದು ದಿನ ಇರ್ಲಿ ಓಬಣ್ಣ, ಬೆಳಿಗ್ಗೆ ಒಯ್ಯುವಿರಂತೆ," ಎಂದರು ಸಿಸ್ಟರು. ಓಬಣ್ಣ ಹುಟ್ಟು ಹೆಗಲಿಗೇರಿಸಿ ಮನೆಗೆ ನಡೆದ.

ಕ್ರಿಸ್‌ಮಸ್ ದಿನ ಬೆಳಗಾಯಿತು. ಹೊಳೆ ದಂಡೆಯಲ್ಲಿ ಆಚೆ ದಾಟುವ ಮಂದಿ ಆಗಲೇ ಅವನನ್ನು ಬಯ್ಯತೊಡಗಿದ್ದರು. "ದೋಣಿಯವ ದೋಣಿ ಕಳಕಂಡು ಕುಂತಾನ!" ಎಂದು ಒಬ್ಬ ನಕ್ಕ. ಓಬಣ್ಣ ಉರಿದುಕೊಂಡು ದವಾಖಾನೆಗೆ ನಡೆದ.

ಗೇಟಿನಿಂದ ಆಚೆ ರಸ್ತೆಯವರೆಗೆ ಹೆಂಗಸರ ಸಾಲು. ಸಿಸ್ಟರು ನಸುಕಿನಲ್ಲೇ ತಮ್ಮ ಹಬ್ಬದ ರೂಢಿಯಂತೆ ದೋಣಿಯಲ್ಲಿ ಹುಲ್ಲು ಹಾಸಿ ಪುಟ್ಟ ಯೇಸುವಿನ ಗೊಂಬೆ ಮಲಗಿಸಿದ್ದರಂತೆ. ಒಬ್ಬ ಬಾಣಂತಿ ಕೈಮುಗಿದಳು. ಇನ್ನೊಬ್ಬಳ ಅತ್ತೆ ಕುಂಕುಮ ಇಟ್ಟಳು. ಆಮೇಲೆ ಊದುಬತ್ತಿ, ಹೂವು. ಎಂಟು ಗಂಟೆಗೆ ಕಾಯಿ ಒಡೆಯುವುದು ಶುರು. ಮಕ್ಕಳಾಗಬೇಕೆನ್ನುವವರು ದೋಣಿಯ ಅಂಚಿಗೆ ಪುಟ್ಟ ತೊಟ್ಟಿಲು ಕಟ್ಟುತ್ತಿದ್ದರು. ಸಿಸ್ಟರು ಮೆಟ್ಟಿಲ ಮೇಲೆ ಕೂತು, "ನಾನೇನು ಮಾಡ್ಲಿ ಓಬಣ್ಣ, ಬೇಡ ಅಂದ್ರೂ ಕೇಳುವುದಿಲ್ಲ," ಎಂದು ಕೈಚೆಲ್ಲಿದರು.

ದೋಣಿಯ ಪಕ್ಕದಲ್ಲಿ ಸ್ನಾನ ಮಾಡಿ ವಿಭೂತಿ ಬಳಿದುಕೊಂಡ ಗುರುಸಂಗಪ್ಪ ಕಾಯಿ ಒಡೆಯುತ್ತಿದ್ದ.

"ಸರೀರಿ ಎಲ್ಲಾರು! ನನ್ನ ದೋಣಿ ನನಗ ಬೇಕು. ಹೊಳ್ಯಾಗ ಮಂದಿ ಕಾಯಾಕ ಹತ್ಯಾರ!"

ಗುರುಸಂಗಪ್ಪ ಗಂಭೀರವಾಗಿ ತಲೆ ಎತ್ತಿದ. "ಮಳ್ಳ ಅದಿಯೇನಲೇ? ದೇವ್ರು ಮಲಗ್ಯಾನ. ಇನ್ನ ಇದರಾಗ ಕುರಿ ಹತ್ತಿಸ್ತಿಯೇನು? ಮೊದಲು ಚಪ್ಪಲಿ ಬಿಟ್ಟು ಬಾ."

"ನನ್ನ ದೋಣಿಗೆ ನಾನು ಚಪ್ಪಲಿ ಬಿಡಬೇಕಾ?"

"ಸಾಲಿನ್ಯಾಗ ಬಾರಪ್ಪಾ!" ಎಂದು ಹಿಂದಿನಿಂದ ಯಾರೋ ಗದರಿದರು. ಓಬಣ್ಣನ ಬಾಯಿಗೆ ಬೈಗುಳ ಬಂದಿತ್ತು. ಅಷ್ಟರಲ್ಲಿ ಮಗಳು ರೇಖಾ, ಮೊಮ್ಮಗನನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತಿದ್ದು ಕಂಡಿತು. "ಅಪ್ಪಾ, ಜಗಳ ಬ್ಯಾಡ," ಎಂದು ಕಣ್ಣಲ್ಲೇ ಬೇಡಿದಳು.

ಓಬಣ್ಣ ಚಪ್ಪಲಿ ಬಿಟ್ಟ. ಹೆಂಗಸರ ಹಿಂದೆ ಅರ್ಧ ತಾಸು ನಿಂತು, ಕಡೆಗೂ ತನ್ನ ದೋಣಿಯ ಮುಂದೆ ಬಂದ. ಅಂಚು ಮುಟ್ಟಲು ಕೈ ಚಾಚಿದ.

ಚಾಚಿದ ಕೈಗೆ ಗುರುಸಂಗಪ್ಪ ಒಂದು ಹೋಳು ಕೊಬ್ಬರಿ ಪ್ರಸಾದ ಇಟ್ಟು ಹೇಳಿದ:

"ತಗೊಂಡ್ಯಲ್ಲ, ಮುಂದ ನಡಿಯಪ್ಪಾ. ಹಿಂದ ಮಂದಿ ನಿಂತಾರ."