ಅಕ್ಕನ ಮಾಂಟೆಸರಿ ಹೊಲ

ನಮ್ಮ ಅಕ್ಕನಿಗೆ ತಲೆ ಕೆಟ್ಟಿದೆ ಎಂಬುದನ್ನು ಸುರಪುರದಿಂದ ರಂಗಂಪೇಟೆಯವರೆಗೆ ಒಪ್ಪದೆ ಇದ್ದವರು ಇಬ್ಬರೇ. ಒಬ್ಬಳು ಸ್ವತಃ ಅಕ್ಕ. ಇನ್ನೊಂದು ಅವಳ ಎಮ್ಮೆ. ಒಡಹುಟ್ಟಿದವನಾದ ನಾನು ಆ ಪಕ್ಷಕ್ಕೆ ಸೇರಬೇಕಿತ್ತು, ನಿಜ. ಆದರೆ ನಾನು ಶಹಾಪುರದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಹೆಚ್ಚು ಜನ ಎಲ್ಲಿದ್ದಾರೋ ಅಲ್ಲಿ ನಿಲ್ಲುವುದು ನನ್ನ ಸ್ವಭಾವ!

ಅಕ್ಕ ಬಹಳ ವರ್ಷ ಕಲಬುರಗಿಯಲ್ಲಿ ಪುಟ್ಟ ಮಕ್ಕಳ ಮಾಂಟೆಸರಿ ಶಾಲೆಯಲ್ಲಿ ಕೆಲಸ ಮಾಡಿದಳು. ಮಣಿ ಪೋಣಿಸುವುದು, ಗುಂಡಿ ಹಾಕುವುದು, ಒಂದು ಲೋಟದಿಂದ ಇನ್ನೊಂದು ಲೋಟಕ್ಕೆ ನೀರು ಸುರಿಯುವುದು, ಇದೆಲ್ಲ ವಿದ್ಯೆ ಎಂದು ಅವಳು ಹೇಳಿದಾಗ ನಾವು ನಕ್ಕು ಸುಮ್ಮನಾಗಿದ್ದೆವು. ಸಣ್ಣ ಮಕ್ಕಳು ತಾನೆ, ಏನಾದರೂ ಸುರಿದುಕೊಳ್ಳಲಿ! ನಿವೃತ್ತಿಯಾದ ಮೇಲೆ ಜನ ಕಾಶಿಗೆ ಹೋಗುತ್ತಾರೆ, ಇಲ್ಲವೆ ಮೊಣಕಾಲಿನ ಡಾಕ್ಟರ ಬಳಿ ಹೋಗುತ್ತಾರೆ. ಇವಳು ರಂಗಂಪೇಟೆಯ ಆಚೆಗಿರುವ ನಮ್ಮ ಹೊಲಕ್ಕೆ ಹೋಗಿ, ಎರಡು ತಗಡಿನ ಕೋಣೆ ಹಾಕಿಸಿ, ಏಳು, ಎಂಟು, ಒಂಬತ್ತನೆಯ ತರಗತಿ ಓದುವ ವಯಸ್ಸಿನವರಿಗೆ ಮಾಂಟೆಸರಿ ಎಂದು ಬೋರ್ಡು ತೂಗುಹಾಕಿದಳು. ಮೀಸೆ ಚಿಗುರುವ ಮಕ್ಕಳಿಗೆ ಮಾಂಟೆಸರಿ! ನಾನು ಅವತ್ತೇ ಹೋಗಿ ಕೇಳಿದೆ.

"ಏನ್ ಕಲಿಸ್ತಿ ಅಕ್ಕಾ? ಮತ್ತ ನೀರು ಸುರಿಯೋದೇನು?"

"ಹೌದು. ಹೊಲಕ್ಕ."

ಅವಳ ಕ್ರಮ ಹೀಗಿತ್ತು. ಬೆಳಿಗ್ಗೆ ತೊಗರಿ ಹೊಲದ ಕೆಲಸ, ಎಮ್ಮೆಯ ಸೇವೆ, ಅಡುಗೆ. ಆಗಾಗ ಊರಲ್ಲಿ ಮಕ್ಕಳದೇ ಒಂದು ತಿಂಡಿ ಅಂಗಡಿ. ಮಧ್ಯಾಹ್ನ ಪಾಠ. ಅದು ಕೂಡ ಬೆಳಗಿನ ಕೆಲಸದಲ್ಲಿ ಅವರಿಗೇ ಎದ್ದ ಪ್ರಶ್ನೆಗಳಿಂದ ಶುರುವಾಗಬೇಕು. ದೊಡ್ಡವರು ಕೇಳದ ಹೊರತು ಬಾಯಿ ಹಾಕುವಂತಿಲ್ಲ. ಈ ವಯಸ್ಸಿನ ಮಕ್ಕಳಿಗೆ ಬೆಂಚಿಗಿಂತ ನಿಜವಾದ ಕೆಲಸ ಬೇಕು, ಸರೀಕರ ಜೊತೆ ಬೇಕು ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಮುದನಾಳದಿಂದ ಮಗನನ್ನು ಕರೆತಂದ ಒಬ್ಬ ರೈತರು ಮಾತ್ರ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ.

"ಅಕ್ಕಾರ, ಹುಡುಗ ಹೊಲದಾಗ ದುಡೀಬಾರ್ದಂತನ ಸಾಲಿಗಿ ಹಾಕೀವ್ರಿ. ಇಲ್ಲಿ ಸಾಲಿಗಿ ಬಂದು ಹೊಲದಾಗ ದುಡೀಬೇಕೇನ್ರಿ?"

"ಮನ್ಯಾಗ ನೀವು ಹೇಳಿದ್ದು ಮಾಡ್ತಾನ್ರಿ. ಇಲ್ಲಿ ಏನ್ ಮಾಡಬೇಕಂತ ತಾವ ಕುಂತು ಠರಾಯಿಸ್ತಾರ."

ಅವರು ಮಗನ ಚೀಲವನ್ನು ಕೆಳಗಿಟ್ಟರು. "ಹಂಗಾರ ನನ್ನೂ ಸೇರಿಸ್ಕೋರಿ. ಮನ್ಯಾಗ ನನ್ನ ಮಾತೂ ಯಾರೂ ಕೇಳಂಗಿಲ್ಲ!"

ಈ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಅಭಿನಯ ಸಮೇತ ಹೇಳಿ ಎಲ್ಲರನ್ನೂ ನಗಿಸಿದವನು ನಾನು. ಆ ನಗು ನಿಲ್ಲುವ ಮೊದಲೇ ನನ್ನ ಸ್ವಂತ ಮಗಳು ಆ ಹೊಲಕ್ಕೆ ಸೇರಿದಳು!

ಅವಳು ಎಂಟನೆಯ ತರಗತಿ. ನನ್ನದೇ ಶಾಲೆ, ನನ್ನದೇ ಕ್ಲಾಸು. ಗಣಿತದ ಮಾಸ್ತರರ ಮಗಳು ಎಂದ ಮೇಲೆ ಹಲಗೆಯ ಮುಂದೆ ಮೊದಲು ನಿಲ್ಲಬೇಕಾದವಳು ಅವಳೇ ಅಲ್ಲವೆ? ನಿಲ್ಲಿಸುತ್ತಿದ್ದೆ. ಆಮೇಲಾಮೇಲೆ ನಾನು ಬೆಳಿಗ್ಗೆ ಬೂಟು ಹಾಕಿಕೊಳ್ಳುವುದಕ್ಕೂ ಅವಳಿಗೆ ಹೊಟ್ಟೆನೋವು ಬರುವುದಕ್ಕೂ ಸರಿಹೋಯಿತು. ಯಾದಗಿರಿಯ ಡಾಕ್ಟರು ಸ್ಕ್ಯಾನ್ ಮಾಡಿಸಿ ಏನೂ ಇಲ್ಲ ಎಂದರು. ಅಕ್ಕ ಬಂದು ಒಂದು ದಿನ ಮನೆಯಲ್ಲಿ ಕೂತು ನೋಡಿ ತನ್ನ ವರದಿ ಕೊಟ್ಟಳು.

"ಆಕೀ ಹೊಟ್ಟಿ ಛಲೋ ಅದ. ನಿನ್ನ ತಲಿ ತೋರಿಸ್ಕೋ."

ಮದುವೆಯಾದಾಗಿನಿಂದ ಅಕ್ಕನ ಯಾವ ಮಾತನ್ನೂ ಒಪ್ಪದ ನನ್ನ ಹೆಂಡತಿ, "ಅಕ್ಕಾರು ಬರೋಬ್ಬರಿ ಹೇಳಾಕತ್ತಾರ" ಎಂದು ಮಗಳ ಬಟ್ಟೆ ಮಡಚಿ ಚೀಲಕ್ಕೆ ತುಂಬಿ ಅಕ್ಕನ ಜೊತೆ ಕಳಿಸಿಯೇಬಿಟ್ಟಳು. ನನಗೆ ಶಾಲೆ ತಪ್ಪಿದ್ದಕ್ಕಿಂತ ಬೇರೆಯದೇ ಒಂದು ಸಂಕಟವಿತ್ತು. ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಏನು ಕೇಳಿದರೂ 'ಹ್ಞೂಂ', ಇಲ್ಲವೆ 'ಊಹ್ಞೂಂ'. ಮೊದಲು ಬಾಯಿ ಮುಚ್ಚದೆ ಹರಟುತ್ತಿದ್ದ ಕೂಸು ಅದು. ಆ ಹರಟೆ ನನಗೆ ವಾಪಸು ಬೇಕಾಗಿತ್ತು. ಹಾಗೆಂದು ಬಾಯಿಬಿಟ್ಟು ಹೇಳಲು ಮಾಸ್ತರಿಕೆ ಅಡ್ಡ ಬರುತ್ತಿತ್ತು.

ಪ್ರತಿ ಭಾನುವಾರ ಹೊಲಕ್ಕೆ ಹೋಗತೊಡಗಿದೆ. ಅಲ್ಲಿ ನೋಡಲು ಬಂದವರಿಗೆ ಒಂದು ಮಣೆ. ಅದರ ಮೇಲೆ ಕೂತು ನೋಡಬೇಕು, ಮಾತಾಡಬಾರದು. ಗಣಿತದ ಮಾಸ್ತರನಿಗೆ ಇದೆಂಥ ಶಿಕ್ಷೆ! ಮೊದಲ ಸಲ ಮಕ್ಕಳು ಹಗ್ಗ ಹಿಡಿದು ಹೊಲದ ಮೂಲೆ ಅಳೆಯುತ್ತಿದ್ದರು. ಹಗ್ಗ ಸೊಟ್ಟ ಹೋಗುತ್ತಿತ್ತು. ನಾನು ಮಣೆಯಿಂದ ಎದ್ದು ಲಂಬಕೋನ ತ್ರಿಭುಜದ ಪ್ರಮೇಯವನ್ನು ಕೂಗಿಯೇಬಿಟ್ಟೆ. ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಮಕ್ಕಳು ಅದರ ಹಿಂದೆ ಓಡಿದರು. ಅವತ್ತಿನ ಪಾಠ ಅಲ್ಲಿಗೆ ಮುಗಿಯಿತು.

ಮುಂದಿನ ಸಲ ತುಟಿ ಕಚ್ಚಿಕೊಂಡು ಕೂತೆ. ಮಕ್ಕಳು ತಮ್ಮ ಅಂಗಡಿಯ ಮಾತಾಡುತ್ತಿದ್ದರು. ಶ್ರಾವಣ ಸೋಮವಾರ ಸುರಪುರದ ಈಶ್ವರನ ಗುಡಿಗೆ ಊರಿಗೆ ಊರೇ ಬರುತ್ತದೆ, ಅಲ್ಲೇ ಉಳ್ಳಾಗಡ್ಡಿ ಭಜಿ ಮಾಡಿ ಮಾರಿದರೆ ಒಂದೂ ಉಳಿಯುವುದಿಲ್ಲ ಎಂದು ನನ್ನ ಮಗಳು ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಲೆಕ್ಕವೇನೋ ಬರೋಬ್ಬರಿ. ಬಂದವರೆಲ್ಲ ಉಪವಾಸ ಇರುತ್ತಾರೆ ಎಂಬುದೊಂದನ್ನು ಬಿಟ್ಟು! ನಾನು ಬಾಯಿ ತೆರೆದೆ. ಅಕ್ಕ ಕಣ್ಣು ಬಿಟ್ಟಳು. ಬಾಯಿ ಮುಚ್ಚಿದೆ.

ಸುಮ್ಮನಿರಬೇಕಾದದ್ದು ಮಣೆಯ ಮೇಲೆ ತಾನೆ? ಮನೆಗೆ ಬಂದವನೇ ಟ್ಯೂಷನ್ನಿನ ಹುಡುಗರನ್ನು ಕರೆದು, ಸೋಮವಾರ ಸುರಪುರಕ್ಕೆ ಹೋಗಿ ಭಜಿ ತಿಂದು ಬನ್ನಿ, ನಾನು ಕಳಿಸಿದೆ ಎಂದು ಮಾತ್ರ ಹೇಳಬೇಡಿ ಎಂದು ಗುಟ್ಟಾಗಿ ಅಪ್ಪಣೆ ಕೊಟ್ಟೆ. ಟಂಟಂ ಆಟೋ ತುಂಬ ಹೋದರು. ಗುಡಿಯ ಮುಂದೆ ಭಜಿ ಆರಿ ತಣ್ಣಗಾಗುತ್ತಿತ್ತು, ಭಕ್ತರು ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ಆಗ ಟಂಟಂನಿಂದ ಮೊದಲು ಇಳಿದ ಮಹಾಪ್ರಾಮಾಣಿಕ ಹುಡುಗ ನನ್ನ ಮಗಳಿಗೆ ಕೈಮುಗಿದು, "ಅಕ್ಕಾ, ನಾವು ಭಜಿ ತಿನ್ನಾಕ ಬಂದೀವ್ರಿ. ನಮ್ಮನ್ನ ಯಾರೂ ಕಳಿಸಿಲ್ರಿ!" ಎಂದನಂತೆ. ಅವರಲ್ಲಿ ಇಬ್ಬರು ಉಪವಾಸವಿದ್ದವರೂ ಇದ್ದರು. ದೇವರಿಗಿಂತ ಸರ್‌ಗೆ ಸಿಟ್ಟು ಜಾಸ್ತಿ ಎಂದು ಅವರೂ ತಿಂದರು.

ರಾತ್ರಿ ಅಕ್ಕನ ಫೋನು ಬಂತು. "ಒಂದ ಒಂದು ತಪ್ಪು ಮಾಡಾಕತ್ತಿದ್ಳು, ತಾನ ಮಾಡಿ ತಾನ ತಿಳ್ಕೋತಿದ್ಳು. ಅದನ್ನೂ ಕಸಗೊಂಡಿ. ಭಜಿ ಹ್ಯಾಂಗಿತ್ತಂತ ಮಾತ್ರ ಕೇಳಬ್ಯಾಡ." ಮಗಳು ಫೋನಿಗೆ ಬರಲಿಲ್ಲ. ಮುಂದಿನ ಭಾನುವಾರ ಹೋದಾಗ ಹ್ಞೂಂ, ಊಹ್ಞೂಂ ಕೂಡ ನಿಂತಿತ್ತು.

ತೊಗರಿ ಕೊಯ್ಲಿನ ಚಳಿಗೆ ಅಕ್ಕ ನನ್ನನ್ನು ಊಟಕ್ಕೆ ಕರೆದಳು. ನೋಡಲಿಕ್ಕಲ್ಲ, ಊಟಕ್ಕೆ! ಗೌರವ ಮರಳಿತೆಂದು ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಹೋದ ಮೇಲೆ ತಿಳಿದದ್ದು, ಅಲ್ಲಿ ಊಟಕ್ಕೆ ಬಂದವರು ತಮ್ಮ ರೊಟ್ಟಿ ತಾವೇ ಬಡಿದುಕೊಳ್ಳಬೇಕು. ಅವತ್ತಿನ ಅಡುಗೆಮನೆ ನನ್ನ ಮಗಳ ಉಸ್ತುವಾರಿಯಲ್ಲಿತ್ತು. ಅವಳು ಹಿಟ್ಟು ನಾದುವ ಪರಾತ ನನ್ನ ಮುಂದೆ ಇಟ್ಟಳು.

ಕರಿಹಲಗೆಯ ಮೇಲೆ ಕೈವಾರವಿಲ್ಲದೆ ವೃತ್ತ ಬರೆಯುತ್ತೇನೆಂದು ನನಗೆ ತಾಲೂಕಿನಲ್ಲೇ ಹೆಸರು. ಜೋಳದ ಹಿಟ್ಟು ಆ ಹೆಸರನ್ನು ಕೇಳಿರಲಿಲ್ಲ. ನನ್ನ ರೊಟ್ಟಿಯ ಒಂದು ತುದಿ ಗುರುಮಠಕಲ್ ಕಡೆ ಚಾಚಿತು, ಇನ್ನೊಂದು ಶಹಾಪುರ ದಾಟಿತು, ನಡುವೆ ಎತ್ತಲು ಹೋದರೆ ಯಾದಗಿರಿ ಜಿಲ್ಲೆಯೇ ಎರಡಾಯಿತು! ಮಕ್ಕಳು ನಕ್ಕರು. ಮಗಳು ನಗಲಿಲ್ಲ. ಪಕ್ಕಕ್ಕೆ ಬಂದು ಕುಳಿತು, ಹರಿದದ್ದನ್ನು ಮತ್ತೆ ನಾದಿ ಉಂಡೆ ಮಾಡಿ, ಒಣ ಹಿಟ್ಟು ಉದುರಿಸಿ, ನನಗೆ ಕಾಣಲೆಂದು ಬಲು ನಿಧಾನವಾಗಿ ಬಡಿದು ತೋರಿಸಿದಳು. ನಾನು ಬಡಿದೆ. ಮತ್ತೆ ಹರಿಯಿತು. ಇನ್ನೇನು ಬೈಗುಳ ಬಂತು ಎಂದು ತಲೆ ತಗ್ಗಿಸಿದೆ.

"ಅಪ್ಪಾ, ತಿಳೀಲಿಲ್ಲಂದ್ರ ಇನ್ನೊಮ್ಮೆ ಕೇಳು. ಎಷ್ಟ್ ಸಲ ಕೇಳಿದ್ರೂ ನಾ ಸಿಟ್ಟಿಗೇಳಂಗಿಲ್ಲ."

ಚುಚ್ಚಲು ಹೇಳಿದ ಮಾತಲ್ಲ ಅದು. ಹೊಸದಾಗಿ ಬಂದ ಎಲ್ಲರಿಗೂ ಅವಳು ಹೀಗೇ ಹೇಳುತ್ತಾಳಂತೆ. ಅದಕ್ಕೇ ನನಗೆ ತಡೆಯಲಾಗಲಿಲ್ಲ. ನನ್ನ ಕ್ಲಾಸಿನಲ್ಲಿ ಇನ್ನೊಮ್ಮೆ ಕೇಳಲು ಹೆದರಿ ನನ್ನ ಕೂಸು ದಿನಾ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಕೂರುತ್ತಿತ್ತು. ಯಾವ ಸ್ಕ್ಯಾನಿನಲ್ಲಿ ಕಾಣಬೇಕು ಅದು? ಕಣ್ಣು ತುಂಬಿ ಬಂತು. ಒಲೆಯ ಹೊಗೆ ಎನ್ನೋಣವೆಂದರೆ ಅಲ್ಲಿದ್ದದ್ದು ಗ್ಯಾಸ್! ಯಾರ ಕೆಲಸದ ನಡುವೆಯೂ ಕೈ ಹಾಕದ ಅಕ್ಕ, ನೀರಿನ ಕೊಡ ಹಿಡಿದು ಹಿಂದಿನಿಂದ ಹಾದುಹೋಗುತ್ತ, ನಾನು ಚಿಕ್ಕವನಿದ್ದಾಗ ಮಾಡುತ್ತಿದ್ದಂತೆ ನನ್ನ ತಲೆಯ ಮೇಲೆ ಒಮ್ಮೆ ಕೈ ಇಟ್ಟು ಹೋದಳು.

ಮಗಳು ಮತ್ತೆ ತೋರಿಸಿದಳು. ಈ ಸಲ ಅಂಗೈ ಎಲ್ಲಿ ಒತ್ತಬೇಕು, ರೊಟ್ಟಿ ಹೇಗೆ ತಿರುಗಬೇಕು, ತಾನು ಮೊದಲು ಎಷ್ಟು ಹರಿದಿದ್ದೆ, ಅತ್ತೆ ಎಷ್ಟು ನಕ್ಕಿದ್ದಳು ಎಂದು ಒಂದೇ ಸಮನೆ ಹರಟುತ್ತ ತೋರಿಸಿದಳು. ನಾನು ಬಡಿದದ್ದು ಈ ಬಾರಿ ಹರಿಯಲಿಲ್ಲ. ದುಂಡಗೆ ಹೆಂಚಿಗೂ ಬಿತ್ತು. ನಿಜ ಹೇಳುತ್ತೇನೆ, ಆಗಲೇ ನನಗೆ ಕೈ ಕುದುರಿತ್ತು. ಆದರೂ ಇನ್ನೊಂದು ಉಂಡೆ ಅವಳ ಮುಂದೆ ಇಟ್ಟೆ.

"ತಿಳೀಲಿಲ್ಲವ್ವಾ. ಇನ್ನೊಮ್ಮೆ ತೋರಸು."