ಕುಡಚಿ ಸ್ಟೇಷನ್ನಿನಲ್ಲಿ ಕೈ ಎತ್ತಿಸಿದ ದಿನಗಳು

ಜನ ಜ್ವರವನ್ನು ಬಚ್ಚಿಡುತ್ತಾರೆ, ಸುದ್ದಿಯನ್ನು ಬಚ್ಚಿಡುವುದಿಲ್ಲ. ಇವೆರಡನ್ನೂ ಹೆಕ್ಕಿ ಮೇಲಕ್ಕೆ ಕಳಿಸುವುದೇ ಕೆಲಸವಾದ ನನ್ನಂಥ ಹೆಲ್ತ್ ಇನ್ಸ್‌ಪೆಕ್ಟರನ ಬಾಳಿನಲ್ಲಿ ನಗೆಪಾಟಲಿಗೆ ಬರವೆಲ್ಲಿಯದು?

ತೊಂಬತ್ತರ ದಶಕದಲ್ಲಿ ಮಹಾರಾಷ್ಟ್ರದ ಕಡೆಯಿಂದ ಪ್ಲೇಗಿನ ಗಾಬರಿ ಎದ್ದಾಗ ನನ್ನನ್ನು ಕುಡಚಿ ಸ್ಟೇಷನ್ನಿಗೆ ಹಾಕಿದರು. ಮೀರಜ್ ಕಡೆಯಿಂದ ಬರುವ ಗಾಡಿಯ ಜನರನ್ನು ಪರೀಕ್ಷಿಸಬೇಕು, ಊರಿನಲ್ಲಿ ತಾವಾಗಿ ಸತ್ತ ಇಲಿಗಳನ್ನು ಎಣಿಸಬೇಕು, ಸಂಜೆ ರಾಯಬಾಗಕ್ಕೆ ಫೋನಿನಲ್ಲಿ ವರದಿ ಒಪ್ಪಿಸಬೇಕು. ಅದೇ ಹೊತ್ತಿಗೆ ಹೊಳೆಯಾಚೆ, ಉಗಾರ ಬುದ್ರುಕದ ತವರುಮನೆಯಲ್ಲಿ, ನನ್ನ ಹೆಂಡತಿ ಚೊಚ್ಚಲ ಹೆಣ್ಣುಮಗು ಹೆತ್ತಳು. ಗಾಡಿ ಹತ್ತಿ ಸೇತುವೆ ದಾಟಿದರೆ ಮುಗಿಯಿತು. ಆದರೆ ರಾಯಬಾಗದ ದೊಡ್ಡ ಡಾಕ್ಟರು, "ಜ್ವರವಿಲ್ಲ, ಸತ್ತ ಇಲಿಯಿಲ್ಲ ಅಂತ ವಾರಪೂರ್ತಿ ಸೊನ್ನೆ ವರದಿ ಬರಲಿ, ಆಮೇಲೆ ರಜೆ" ಅಂದುಬಿಟ್ಟರು. ಸೇತುವೆಯ ಮೇಲೆ ಗಾಡಿಯ ಸದ್ದು ಕೇಳಿದಾಗಲೆಲ್ಲ ನಾನು ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ ನಿಲ್ಲುತ್ತಿದ್ದೆ.

ಕಂಕುಳ ತಪಾಸಣೆ

ಪ್ಲೇಗಾದರೆ ಕಂಕುಳಲ್ಲಿ ಗಂಟು ಏಳುತ್ತದೆ. ಹಾಗಾಗಿ ಗಾಡಿ ಇಳಿದವರಿಗೆಲ್ಲ ನಾನು "ಕೈ ಎತ್ರಿ" ಅನ್ನುತ್ತಿದ್ದೆ. ಒಮ್ಮೆ ಜರಿರುಮಾಲಿನ ಯಜಮಾನರೊಬ್ಬರು ಒಂದೇ ಕೈ ಎತ್ತಿದರು.

"ಇನ್ನೊಂದೂ ಎತ್ರಿ."

"ಅದು ಏಳೂದಿಲ್ರಿ, ವಾಯು ಹಿಡದೈತಿ."

ಹಿಂದಿದ್ದ ಪೊಲೀಸಪ್ಪ ಗದರಿದ. ವಾಯು ಹಿಡಿದ ಕೈ ಸರ್ರನೆ ಮೇಲೆದ್ದಿತು. ಕೋಟಿನೊಳಗಿಂದ ಮೀರಜಿನ ಬ್ರಾಂದಿ ಬಾಟಲಿಯೊಂದು ಜಾರಿ, ನೆಲ ಮುಟ್ಟುವ ಮೊದಲೇ ಪೊಲೀಸಪ್ಪನ ಕೈ ಸೇರಿತು.

"ಔಷಧ ಆಹೇ, ಸಾಹೇಬ! ಪ್ಲೇಗಿಂದು!" ಅಂದರು ಯಜಮಾನರು.

ಪೊಲೀಸಪ್ಪ ಮರುದಿನ ಕೇಳಿದ, "ಸಾಹೇಬ್ರ, ಆ ಔಷಧ ಮತ್ತ ಯಾವ ಗಾಡಿಗೆ ಬರತೈತ್ರಿ?"

ಬರಿಗೈಯಲ್ಲಿ ಕಳಿಸದ ಜನ

ನಮ್ಮ ಕಡೆ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಇಲ್ಲ. ನಾನು ಮನೆಮನೆಗೂ ಹೋಗಿ "ಸತ್ತ ಇಲಿ ಅದಾವೇನ್ರಿ?" ಅಂತ ಕೇಳಿದರೆ, ಇಲ್ಲ ಅನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಕಬ್ಬಿನ ಹೊಲದ ಮನೆಯ ಯಜಮಾನ್ತಿಯೊಬ್ಬಳು ನನಗೆ ಮಜ್ಜಿಗೆ ಕೊಟ್ಟು ಕೂರಿಸಿ, ಹಿತ್ತಲಿಗೆ ಹೋಗಿ, ಧಡ್ ಧಡ್ ಸದ್ದಾದ ಮೇಲೆ ಎಲೆಯಲ್ಲಿ ಇಲಿ ಸುತ್ತಿಕೊಂಡು ಬಂದಳು. ತಲೆ ಒಡೆದಿತ್ತು.

"ಇದು ತಾನs ಸತ್ತತೇನಬೇ?"

"ಹೌದ್ರಿ. ನಾ ಬಡಿಗಿ ಎತ್ತೂದರಾಗ ಅಂಜಿ ಸತ್ತತ್ರಿ."

ಅನುಮಾನವಿದ್ದರೂ ವರದಿ ಮಾಡಬೇಕೆಂಬ ಆಜ್ಞೆಯಿತ್ತು. ನನ್ನ ಸೊನ್ನೆ ಹೋಯಿತು. ಮರುದಿನದಿಂದ ಕೈಮುಗಿದು "ಇಲಿ ಬ್ಯಾಡ್ರಿ" ಅಂದೆ. ಊಟಕ್ಕೆ ಕೂತವನು ಹೋಳಿಗೆ ಸಾಕು ಅಂದಷ್ಟೇ ಬೆಲೆ ಅದಕ್ಕೆ ಸಿಕ್ಕಿತು. "ಸಂಕೋಚ ಮಾಡಬ್ಯಾಡ್ರಿ, ಇನ್ನೊಂದು ಹಾಕ್ಕೋರಿ!"

ಬೆಣ್ಣೆ ಅಜ್ಜಿಯ ಸುದ್ದಿ

ಉಗಾರದ ಅಜ್ಜಿಯೊಬ್ಬಳು ಬೆಣ್ಣೆ ಮಾರಲು ದಿನಾ ಬೆಳಗಿನ ಗಾಡಿಯಲ್ಲಿ ರಾಯಬಾಗದ ಕಡೆ ಹೋಗುತ್ತಿದ್ದಳು. ಗಾಡಿ ನಿಂತಷ್ಟು ಹೊತ್ತಿನಲ್ಲಿ ನಾನು ಕಿಟಕಿ ಹಿಡಿದು ಮಗುವಿನ ಬಗ್ಗೆ ಕೇಳುತ್ತಿದ್ದೆ. ಅವಳು ಮೊದಲು ಬೆಣ್ಣೆಯ ರೇಟು ಹೇಳಿ, ಆಮೇಲೆ ನನ್ನ ಮಾತಿಗೆ ಬರುತ್ತಿದ್ದಳು.

"ಮೂಗು ನಿಮ್ಮಂಗ ಐತ್ರಿ..." ಗಾಡಿ ಹೊರಟಿತು. ಮರುದಿನ, "ಅಳೂದು ನಿಮ್ಮ ಅತ್ತಿಯಂಗ..." ಮತ್ತೆ ಹೊರಟಿತು. ಹೀಗೆ ದಿನಕ್ಕೊಂದು ಅಂಗದಂತೆ ನನ್ನ ಮಗಳು ಗಾಡಿಯಲ್ಲಿ ಬರುತ್ತಿದ್ದಳು. ಕಣ್ಣು ಯಾರಂತೆ ಅನ್ನುವುದು ಮಾತ್ರ ಉಳಿದುಬಿಟ್ಟಿತು. ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು: "ನಾಳೆ ಮುಂಜಾನೆ ಕೂಸಿನ್ನ ತೊಟ್ಟಲಕ್ಕ ಹಾಕಿ ಹೆಸರಿಡತಾರ! ನೀವು ಬರದಿದ್ರ ಇಲೀಬಾಯಿ ಅಂತ ಇಡತೀನಿ ಅಂದಾಳ ನಿಮ್ಮಾಕಿ!"

ಸೊನ್ನೆಯನ್ನು ನಂಬದ ಗುಮಾಸ್ತ

ಅಷ್ಟರಲ್ಲಿ ನನ್ನ ಪುಣ್ಯವೂ ತಿರುಗಿತ್ತು. ಆ ಕಬ್ಬಿನ ಮನೆಯ ಯಜಮಾನ್ತಿಗೆ ನಾನು ಇದ್ದದ್ದನ್ನೆಲ್ಲ ಹೇಳಿಕೊಂಡಿದ್ದೆ. ಅವಳು ಓಣಿಗೆಲ್ಲ ಸಾರಿದ್ದಳು: "ತಾವs ಸತ್ರ ಹೇಳ್ರಿ. ಬಡದು ಕೊಡಬ್ಯಾಡ್ರಿ, ಸಾಹೇಬರ ಕೂಸು ದೂರ ಆಗಾಕತ್ತೈತಿ." ಆಮೇಲೆ ಒಂದು ಇಲಿಯೂ ಬರಲಿಲ್ಲ. ಅವತ್ತು ಸಂಜೆಗೆ ವಾರ ತುಂಬಿತು. ನಾನು ಅಂಚೆ ಕಚೇರಿಯ ಫೋನಿನಲ್ಲಿ "ಸೊನ್ನೆ" ಅಂತ ಕಿರುಚಿದೆ.

"ಮತ್ತ ಸೊನ್ನಿ ಏನ್ರಿ? ತಿರಗ್ಯಾಡಿಲ್ಲೇನು? ಮ್ಯಾಲಿನವರು ನಂಬಬೇಕಲ್ಲ, ಒಂದಾದ್ರೂ ಇಲಿ ಹೇಳ್ರಿ," ಅಂದ ರಾಯಬಾಗದ ಗುಮಾಸ್ತ.

ಪೋಸ್ಟ್ ಮಾಸ್ತರರು ಫೋನ್ ಕಸಿದುಕೊಂಡರು. "ಅವರಿಗೆ ಹೆಣ್ಣ ಹುಟ್ಟೈತ್ರಿ, ಉಗಾರದಾಗ! ಮಾರಿ ನೋಡಿಲ್ಲ ಇನ್ನೂ! ಸೊನ್ನಿ ಬರಕೋರಿ!"

ಆ ಕಡೆ ಗುಮಾಸ್ತ ಹಾಳೆ ತಿರುವಿದ ಸದ್ದಾಯಿತು. "ಬರಕೊಂಡೆ. ರಜಾನೂ ಸಾಹೇಬರು ಕೊಟ್ಟಾರ ಅಂತ ಹೇಳ್ರಿ. ಆದರ ಆ ಕೂಸಿನ್ನ ನಮ್ಮ ಲೆಕ್ಕಕ್ಕ ಹಿಡಿಯಾಕ ಬರೂದಿಲ್ಲ. ಉಗಾರ ಅಥಣಿ ತಾಲೂಕು."

ಕೈ ಎತ್ರಿ

ಮರುದಿನ ಮೊದಲ ಗಾಡಿ ಹತ್ತಿದೆ. ಹಿಂದಿನ ಸಂಜೆಯೇ ಕುಡಚಿ ಬಾಜಾರದ ಟೇಲರ್ ಚಾಚಾ ಮಗಳ ತಲೆ-ಬೆನ್ನು ಮುಚ್ಚುವಂಥ ಕೆಂಪು ಕುಂಚಿಗೆಯೊಂದನ್ನು ಹೊಲಿದುಕೊಟ್ಟಿದ್ದ, "ಬೇಟೀಕ ನಮ್ದು ಸಲಾಮ್ ಹೇಳ್ರಿ" ಅಂತ. ಗದ್ದಲದಲ್ಲಿ ಮಾಸಬಾರದೆಂದು ಅದನ್ನು ಅಂಗಿಯೊಳಗೆ ಕಂಕುಳಲ್ಲಿ ಇಟ್ಟುಕೊಂಡೆ. ಗಾಡಿ ಸೇತುವೆ ದಾಟುವಾಗ ಕೆಳಗೆ ಕೃಷ್ಣೆ ಕಂಡಿತೋ ಇಲ್ಲವೋ, ನನಗೆ ನೆನಪಿಲ್ಲ.

ಹೊಸ್ತಿಲಲ್ಲೇ ಹೆಂಡತಿ ಮಗುವನ್ನೆತ್ತಿಕೊಂಡು ನಿಂತಿದ್ದಳು. ಹಿಂದೆ ಓಣಿಯ ಹೆಂಗಸರು, ಅವರ ನಡುವೆ ಬೆಣ್ಣೆ ಅಜ್ಜಿ.

"ಅಲ್ಲೇ ನಿಂದರ್ರಿ. ಎಲ್ಲಿಂದ ಬಂದ್ರಿ?"

"ಕುಡಚಿಯಿಂದ."

"ಜ್ವರ ಐತೇನು?"

"ಇಲ್ಲ."

"ಎಲ್ಲಾರೂ ಇಲ್ಲs ಅಂತಾರ. ಕೈ ಎತ್ರಿ!"

ಎತ್ತಿದೆ. ಅಂಗಿಯೊಳಗಿಂದ ಕೆಂಪು ಕುಂಚಿಗೆ ಜಾರಿ ಹೊಸ್ತಿಲ ಮೇಲೆ ಬಿತ್ತು. "ಮಾಲು ಸಿಕ್ಕತು!" ಅಂತ ಅಜ್ಜಿ ಚಪ್ಪಾಳೆ ತಟ್ಟಿದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಹೆಂಡತಿ ನಗಲಿಲ್ಲ. ಅವಳ ಕಣ್ಣು ತುಂಬಿತ್ತು. ಮುಂದೆ ಬಂದವಳೇ, ಎತ್ತಿದ ನನ್ನ ಕೈಗಳಲ್ಲಿ ಮಗಳನ್ನು ಇಟ್ಟಳು.

ಮೂಗು ನನ್ನದೇ. ಕಣ್ಣು ತೆರೆದಳು, ಅವು ಅವಳ ತಾಯಿಯವು. ಇಷ್ಟು ದಿನ ತುಂಡು ತುಂಡಾಗಿ ಬಂದ ಮಗಳು ಒಟ್ಟಿಗೆ ಸಿಕ್ಕಳು. ಸುಮ್ಮನೆ ಎದೆಗೆ ಒತ್ತಿಕೊಂಡೆ. ಆಗ ಅವಳು ನನ್ನ ಇಸ್ತ್ರಿ ಅಂಗಿಯ ಮೇಲೆ ಬೆಚ್ಚಗೆ ತನ್ನ ಮೊದಲ ವರದಿ ಒಪ್ಪಿಸಿದಳು.

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಂದಳು: "ಇವತ್ತಿಂದೂ ಸೊನ್ನಿ ಅಂತ ಹೇಳೀರಿ ಮತ್ತ!"