ಲಾರಿಯ ಕಮಾನಿನ ಕತ್ತಿ

ಮನುಷ್ಯನಿಗೆ ತಾನು ಕಷ್ಟಪಟ್ಟು ಕಲಿತ ವಿದ್ಯೆಯ ಬಗ್ಗೆ ಅಂಥ ಜಂಬವೇನೂ ಇರುವುದಿಲ್ಲ. ಕಲಿಯದೇ ಬಂದಿದೆಯೆಂದು ತಿಳಿದುಕೊಂಡ ವಿದ್ಯೆಯ ಜಂಬಕ್ಕೆ ಮಾತ್ರ ಮೇರೆಯಿಲ್ಲ. ನಾನು ಟೈಪಿಂಗ್ ಕಲಿತೆ, ಬುಕ್ ಕೀಪಿಂಗ್ ಪರೀಕ್ಷೆಯನ್ನು ಒದ್ದಾಡಿ ಪಾಸು ಮಾಡಿದೆ. ಅವುಗಳ ಬಗ್ಗೆ ಯಾರಾದರೂ ಕೇಳಿದರೆ ‘ಏನೋ ಅಷ್ಟಿಷ್ಟು’ ಎಂದು ಸುಮ್ಮನಾಗುತ್ತೇನೆ. ಆದರೆ ತೆಂಗಿನಕಾಯಿ, ಮಳೆ, ಕತ್ತಿ ಈ ಮೂರರ ಮಾತು ಬಂದರೆ ಯಾರೂ ಕೇಳುವ ತನಕ ನಾನು ಕಾಯುವುದಿಲ್ಲ. ಉಡುಪಿ ಕಡೆಯವನಲ್ಲವೇ? ಕತ್ತಿ ಎಂದರೆ ರಾಜರು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಕತ್ತಿಯಲ್ಲ. ಬಯಲುಸೀಮೆಯವರು ಮಚ್ಚು ಎನ್ನುವುದನ್ನೇ ನಾವು ಕತ್ತಿ ಎನ್ನುತ್ತೇವೆ. ಎಳನೀರು ಕೆತ್ತುವುದಕ್ಕೂ ಅದೇ, ಬೇಲಿ ಸವರುವುದಕ್ಕೂ ಅದೇ. ನಮ್ಮ ಮನೆಯಲ್ಲಿ ಕತ್ತಿ ಹಿಡಿಯುವವರು ಬೇರೆ ಇದ್ದರು. ಕೆತ್ತಿದ ಎಳನೀರು ಕುಡಿಯುವ ಭಾಗ ನನ್ನದಾಗಿತ್ತು. ಅದನ್ನೇ ಅನುಭವವೆಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ.

ನಾವಾಗ ಘಾಟ್ಕೋಪರ್‌ನಲ್ಲಿದ್ದೆವು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಚಾಳಿನ ಒಂದೇ ಖೋಲಿಯನ್ನು ಬಿಟ್ಟು ಹೊಸ ಸೊಸೈಟಿಯೊಂದರ ನೆಲಮಹಡಿಗೆ ಬಂದಿದ್ದೆವು. ನನ್ನ ಹೆಂಡತಿ ವನಜಾಕ್ಷಿಗೆ ಆ ಮನೆಯಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು ಅಡಿಗೆಮನೆಯ ಕಿಟಕಿ. ಚಾಳಿನಲ್ಲಿ ಸೀಮೆಎಣ್ಣೆ ಸ್ಟೌವಿನ ಹೊಗೆಯನ್ನು ಉಂಡವಳು ಅವಳು. ಇಲ್ಲಿ ಒಗ್ಗರಣೆ ಹಾಕಿ ಕಿಟಕಿ ತೆರೆದರೆ ಗಾಳಿ ಬರುತ್ತಿತ್ತು. ಕಿಟಕಿಯಾಚೆ ಸೊಸೈಟಿಯದೇ ಒಂದು ತುಂಡು ಜಾಗ. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಲಂಟಾನ ಪೊದೆ ಆಳೆತ್ತರ ಬೆಳೆದು, ಮೇಲೆ ಯಾವುದೋ ಬಳ್ಳಿ ಹಬ್ಬಿ, ಒಳಗೆ ಏನಿದೆಯೆಂದು ನೋಡಲು ಬೆಕ್ಕುಗಳೂ ಹೋಗುತ್ತಿರಲಿಲ್ಲ.

ಸೊಸೈಟಿಯ ಮೀಟಿಂಗಿನಲ್ಲಿ ಸೆಕ್ರೆಟರಿ ಸಾವಂತರು ಒಂದು ಸುದ್ದಿ ಹೇಳಿದರು. ಲಾರಿಗಳ ಮಾಲಿಕ ಒಬ್ಬ ಶೇಠ್ ಆ ಜಾಗವನ್ನು ಬಾಡಿಗೆಗೆ ಕೇಳಿದ್ದಾನೆ, ರಾತ್ರಿ ಲಾರಿ ನಿಲ್ಲಿಸುತ್ತಾನೆ, ಬೆಳಿಗ್ಗೆ ತೆಗೆಯುತ್ತಾನೆ. ಸಾವಂತರು ಒಳ್ಳೆಯವರೇ. ಅವರಿಗಿದ್ದ ದೌರ್ಬಲ್ಯ ಒಂದೇ, ಸೊಸೈಟಿಯ ರಬ್ಬರ್ ಸ್ಟ್ಯಾಂಪು. ನಾಳೆ ನೀರು ಬರುವುದಿಲ್ಲ ಎಂಬ ಚೀಟಿಗೂ ಅದನ್ನು ಒತ್ತದೆ ಗೋಡೆಗೆ ಅಂಟಿಸುತ್ತಿರಲಿಲ್ಲ. ಅಂದೂ ಸ್ಟ್ಯಾಂಪು ಮೇಜಿನ ಮೇಲೆ ಸಿದ್ಧವಾಗಿ ಕೂತಿತ್ತು. ಲಾರಿಗಳು ನಿಂತರೆ ಅವುಗಳ ಹೊಗೆಕೊಳವೆಗಳೆಲ್ಲ ನಮ್ಮ ಅಡಿಗೆಮನೆಗೆ ಮುಖ ಮಾಡುತ್ತವೆ ಎಂಬುದು ನನಗೆ ಹೊಳೆಯಿತು. “ಆ ಕಿಟಕಿ ಹೋದ್ರೆ ನನಗೆ ಚಾಳೂ ಒಂದೇ, ಈ ಮನೆಯೂ ಒಂದೇ” ಎಂದು ವನಜಾಕ್ಷಿ ಮೊದಲೇ ಹೇಳಿದ್ದಳು. ನಾನು ಎದ್ದು ನಿಂತೆ. ಆ ಪೊದೆ ಕಡಿದು ಜಾಗವನ್ನು ನಾವೇ ಉಪಯೋಗಿಸಬಾರದೇಕೆ, ನಮ್ಮ ಊರಿನಲ್ಲಾದರೆ ಇದು ಒಂದು ಕತ್ತಿಯ, ಒಂದು ಬೆಳಗಿನ ಕೆಲಸ ಎಂದೆ.

ಸಾವಂತರು ಕನ್ನಡಕ ಸರಿಪಡಿಸಿಕೊಂಡರು. “ಠೀಕ್ ಹೈ, ರಾವ್ ಸಾಹೇಬ್. ನವರಾತ್ರಿ ಮುಗಿಯುವುದರೊಳಗೆ ಜಾಗ ಸಾಫ್ ಆಗಿ ಮೆಂಬರುಗಳ ಉಪಯೋಗಕ್ಕೆ ಬಂದರೆ ಮೆಂಬರುಗಳಿಗೆ. ಇಲ್ಲದಿದ್ದರೆ ಶೇಠ್‌ಗೆ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಲಸ ಬೇರೆಯವನ ತಲೆಗೆ ಬಿದ್ದಾಗ ತಟ್ಟುವ ಚಪ್ಪಾಳೆಯ ಸದ್ದೇ ಬೇರೆ.

ಮನೆಗೆ ಬಂದಾಗ ವನಜಾಕ್ಷಿ ಕೇಳಿದಳು: “ನಿಮ್ಗೆ ಕತ್ತಿ ಹಿಡೀಲಿಕ್ಕೆ ಬರ್ತದಾ?”

“ರಕ್ತದಲ್ಲೇ ಉಂಟು” ಎಂದೆ.

“ರಕ್ತ ಆಮೇಲೆ ಹೇಗೂ ಬರ್ತದೆ. ಮೊದ್ಲು ಕತ್ತಿ ಎಲ್ಲುಂಟು ಹೇಳಿ.”

ಅಗ್ಗದ ಕತ್ತಿ ಎಂದರೆ ಎರವಲು ಕತ್ತಿ. ಸಾಂತಾಕ್ರೂಜ್‌ನಲ್ಲಿ ಹೋಟೆಲು ನಡೆಸುತ್ತಿದ್ದ ಶೀನಣ್ಣ ನನಗೆ ದೂರದ ನೆಂಟ. ಆದಿತ್ಯವಾರ ಅಲ್ಲಿಗೆ ಹೋಗಿ, ಅವನ ಬನ್ಸ್ ತಿಂದು, ಅಡಿಗೆಮನೆಯಲ್ಲಿ ಕಾಯಿ ಒಡೆಯುವ ಕತ್ತಿಯನ್ನು ಕೇಳಿದೆ. ಅವನು ಅದನ್ನು ನನ್ನ ಕೈಗೆ ಕೊಡಲಿಲ್ಲ, ಕಡೆಯುವ ಕಲ್ಲಿನ ಪಕ್ಕ ನೆಲದ ಮೇಲಿಟ್ಟ. ನಮ್ಮಲ್ಲಿ ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನಂಬಿಕೆ. “ತಕೊಂಡು ಹೋಗಿ ಮಾರಾಯ್ರೆ. ಆದ್ರೆ ಬೇಗ ತನ್ನಿ, ಚಟ್ನಿಗೆ ಕಾಯಿ ಒಡೀಬೇಕು” ಎಂದ. ಹಳೆಯ ಪತ್ರಿಕೆಯಲ್ಲಿ ಸುತ್ತಿ ಬಾಳೆನಾರಿನಿಂದ ಕಟ್ಟಿಕೊಟ್ಟ.

ಮುಂಬಯಿಗೆ ಬಂದಂದಿನಿಂದ ಲೋಕಲ್ಲಿನಲ್ಲಿ ನನಗೆ ದಕ್ಕಿದ್ದು ನಾಲ್ಕನೆಯ ಸೀಟು ಮಾತ್ರ. ಮೂವರು ಕೂರುವ ಬೆಂಚಿನ ತುದಿಯಲ್ಲಿ ಅರ್ಧ ದೇಹ ಊರಿ, ಇನ್ನರ್ಧವನ್ನು ದೇವರ ಕೈಗೆ ಒಪ್ಪಿಸಿ ಕೂರುವ ಸೀಟು ಅದು. ಅಂದು ದಾದರ್‌ನಲ್ಲಿ ಗಾಡಿ ಬದಲಿಸಿ ಹತ್ತಿದಾಗಲೂ ಅಷ್ಟನ್ನೇ ಬೇಡಿದ್ದೆ. ಆದರೆ ನೂಕುನುಗ್ಗಲಿನಲ್ಲಿ ಪತ್ರಿಕೆ ಹರಿದು ಕತ್ತಿಯ ಮೂತಿ ಹೊರಗೆ ಇಣುಕಿತ್ತು. ಬೆಂಚಿನ ಮೂವರೂ ಅದನ್ನು ನೋಡಿದರು, ನನ್ನ ಮುಖ ನೋಡಿದರು, ನಂತರ ಬಹಳ ವಿನಯದಿಂದ ಸರಿದರು. ಕಿಟಕಿಯ ಬಳಿ ಇದ್ದವನು ತನಗೆ ಇಳಿಯುವುದಿದೆ ಎಂದು ಎದ್ದ. ಗಾಡಿ ಆಗಷ್ಟೇ ಹೊರಟಿತ್ತು. ನಾನು ಕಿಟಕಿಗೆ ಮುಖ ಕೊಟ್ಟು, ಕತ್ತಿಯನ್ನು ಮಡಿಲಲ್ಲಿಟ್ಟುಕೊಂಡು, ಮಾಟುಂಗಾದಿಂದ ಘಾಟ್ಕೋಪರ್ ತನಕ ಯಜಮಾನನ ಹಾಗೆ ಬಂದೆ.

ಆ ಗತ್ತು ಉಳಿದದ್ದು ಮರುದಿನ ಬೆಳಗಿನ ತನಕ. ಲುಂಗಿ ಎತ್ತಿ ಕಟ್ಟಿ, ತಲೆಗೆ ಟವೆಲ್ ಸುತ್ತಿ, ಬಿಲ್ಡಿಂಗಿನ ಗ್ಯಾಲರಿಗಳಲ್ಲೆಲ್ಲ ಜನ ನಿಂತಿದ್ದಾರೆಂದು ಖಾತ್ರಿ ಮಾಡಿಕೊಂಡು, ಪೊದೆಗೆ ಒಂದೇಟು ಬೀಸಿದೆ. ತೆಂಗಿನಕಾಯಿ ಏಟು ತಿನ್ನಲು ಕಾದು ಕೂರುತ್ತದೆ. ಲಂಟಾನ ಹಾಗಲ್ಲ. ಅದು ಬಾಗಿತು, ಕತ್ತಿಯನ್ನು ಮುಂದೆ ಹೋಗಗೊಟ್ಟಿತು, ಆಮೇಲೆ ಎದ್ದು ಬಂದು ನನ್ನ ಕೆನ್ನೆಗೆ ಬಾರಿಸಿತು. ಎರಡನೆಯ ಏಟಿಗೆ ಎರಡನೆಯ ಕೆನ್ನೆ. ಕತ್ತಿ ಮೋಟು, ಭಾರ ಬೇರೆ, ತೋಳು ಸೋತುಹೋಯಿತು.

ಮೇಲಿನ ಮಹಡಿಯಿಂದ ಬಸವಂತಪ್ಪ ಇಳಿದು ಬಂದ. ವಿಜಾಪುರ ಕಡೆಯವನು, ಬಿಲ್ಡಿಂಗ್ ಕಟ್ಟಿಸುವ ಕೆಲಸದಲ್ಲಿ ಮೇಸ್ತ್ರಿ. “ರಾಯರ, ಹಿಂಗ ಬೀಸಿದ್ರ ಗಾಳಿ ಬರ್ತದ, ಗಿಡ ಹೋಗಂಗಿಲ್ರಿ” ಎಂದ. “ಇದಕ್ಕ ಕುಡುಗೋಲ ಬೇಕು. ನಮ್ಮ ಕಡೆ ಎಕರೆಗಟ್ಟಲೆ ಜ್ವಾಳ ಕೊಯ್ತೀವಿ, ಯಾರೂ ಹಿಂಗ ಕುಣಿಯಂಗಿಲ್ಲ.” ಮರುದಿನ ಎಲ್ಲಿಂದಲೋ ಕುಡುಗೋಲು ತಂದು, ಕುಕ್ಕರಗಾಲಲ್ಲಿ ಕೂತು, ಜೋಳದ ದಂಟಿನಂತೆ ಲಂಟಾನದ ಬುಡವನ್ನು ಹಿಡಿದು ಎಳೆದ. ಜೋಳಕ್ಕೆ ಮುಳ್ಳಿರುವುದಿಲ್ಲ ಎಂಬುದು ಅವನಿಗೆ ಕೂಡಲೇ ನೆನಪಾಯಿತು. ಅಂಗೈಯನ್ನು ಬಾಯಿಗಿಟ್ಟುಕೊಂಡು, “ಇದು ಮುಂಬಯಿ ಗಿಡ್ರಿ, ಇದಕ್ಕ ರೀತಿ ಇಲ್ಲ” ಎಂದ. ಕತ್ತಿ ಮೇಲೋ ಕುಡುಗೋಲು ಮೇಲೋ ಎಂದು ನಮ್ಮಿಬ್ಬರ ನಡುವೆ ದೊಡ್ಡ ಚರ್ಚೆ ನಡೆಯಿತು. ಕರ್ನಾಟಕದ ಏಕೀಕರಣ ಆಗಿ ಬಹಳ ಕಾಲವಾಗಿದ್ದರೂ ಆಯುಧಗಳ ಏಕೀಕರಣ ಆಗಿರಲಿಲ್ಲ. ಪೊದೆ ಮಾತ್ರ ಒಂದು ಎಲೆಯನ್ನೂ ಕಳೆದುಕೊಳ್ಳದೆ ನಮ್ಮಿಬ್ಬರ ಮಾತನ್ನೂ ಕೇಳುತ್ತಾ ನಿಂತಿತ್ತು.

ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದ ವನಜಾಕ್ಷಿ ಸೌಟು ಕೆಳಗಿಟ್ಟಳು. “ಬಾಗುವುದನ್ನು ಎಳೆದು ಹಿಡೀದೆ ಕೊಯ್ದ್ರೆ ಕೊಯ್ತದಾ? ನಾನು ಬಸಳೆಯನ್ನು ಗಾಳಿಯಲ್ಲಿ ಬೀಸಿ ಕೊಯ್ತೇನಾ? ನೀವಿಬ್ರೂ ಬನ್ನಿ ನನ್ನೊಟ್ಟಿಗೆ” ಎಂದಳು. ಸ್ಟೇಷನ್ ರಸ್ತೆಯ ಬದಿಯಲ್ಲಿ ಕಮ್ಮಾರರ ಒಂದು ಕುಟುಂಬ ಗಾಡಿ ನಿಲ್ಲಿಸಿ ಕುಲುಮೆ ಹೂಡಿತ್ತು. ಅಲ್ಲಿಗೆ ಕರೆದುಕೊಂಡು ಹೋದಳು. ನಾನು ಹಿತ್ತಾಳೆಯ ಕಟ್ಟು ಹಾಕಿದ, ಫಳಫಳ ಹೊಳೆಯುವ ಒಂದನ್ನು ಎತ್ತಿಕೊಂಡೆ. “ಅದು ಗೋಡೆಗೆ ತೂಗುಹಾಕ್ಲಿಕ್ಕೆ” ಎಂದಳು. ಬಸವಂತಪ್ಪ ಎತ್ತಿಕೊಂಡದ್ದು ಕಬ್ಬು ಕಡಿಯುವಂಥದ್ದು. “ಅದನ್ನು ಎತ್ಲಿಕ್ಕೇ ಇನ್ನೊಬ್ಬ ಬೇಕು” ಎಂದಳು. ಆಮೇಲೆ ಬದನೆಕಾಯಿ ಆರಿಸುವಾಗಿನ ಅದೇ ಮುಖ ಮಾಡಿ ರಾಶಿಯೊಳಗೆ ಕೈ ಹಾಕಿದಳು. ಒಂದೊಂದನ್ನೂ ಬೆರಳಿನಿಂದ ತಟ್ಟಿ ಕಿವಿಗೆ ಹಿಡಿದಳು. ಠಣ್ ಎಂದರೆ ಪಕ್ಕಕ್ಕೆ, ದಬ್ ಎಂದರೆ ವಾಪಸ್. ಹಿಡಿ ಸಡಿಲವೇ ಎಂದು ಅಲ್ಲಾಡಿಸಿದಳು. ಕೊನೆಗೆ ಆರಿಸಿದ್ದು ಕಪ್ಪಗೆ, ಉದ್ದಕ್ಕೆ, ತೆಳ್ಳಗೆ ಇದ್ದ, ತುದಿಯಲ್ಲಿ ತುಸುವೇ ಬಾಗಿದ ಒಂದು ಕತ್ತಿ. ಎಲ್ಲಕ್ಕಿಂತ ಕುರೂಪಿ, ಹಾಗಾಗಿ ಎಲ್ಲಕ್ಕಿಂತ ಅಗ್ಗ. ಇದು ಯಾತರ ಕಬ್ಬಿಣ ಎಂದು ಬಸವಂತಪ್ಪ ವಿಚಾರಿಸಿದ. ಮುದಿ ಲಾರಿಯ ಕಮಾನಿನ ಪಟ್ಟಿ, ಚಕ್ರದ ಮೇಲೆ ಇಡೀ ಲಾರಿಯ ಭಾರ ಹೊರುವ ಸ್ಪ್ರಿಂಗು, ಅದಕ್ಕಿಂತ ಗಟ್ಟಿ ಉಕ್ಕು ಇಲ್ಲ ಎಂದ ಕಮ್ಮಾರ. ನನಗೆ ರೋಮಾಂಚನವಾಯಿತು. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಶೇಠ್‌ನ ಲಾರಿಗಳನ್ನು ತಡೆಯಲು ಲಾರಿಯ ಎಲುಬೇ ನಮ್ಮ ಕೈಗೆ ಬಂದಿತ್ತು.

ಶೀನಣ್ಣನ ಕತ್ತಿ ಚಟ್ನಿಗೆ ಮರಳಿತು. ನಾವು ಕೆಲಸಕ್ಕೆ ಇಳಿದೆವು. ಎಡಗೈಗೆ ಗೋಣಿಚೀಲ ಸುತ್ತಿಕೊಂಡು ಕೊಂಬೆಯನ್ನು ಬಿಗಿಯಾಗಿ ಎಳೆದು ಹಿಡಿಯುವುದು, ಬುಡದ ಹತ್ತಿರ ಓರೆಯಾಗಿ, ಕಾಲಿನಿಂದ ಆಚೆಗೆ ಒಂದು ಏಟು. ಅಷ್ಟೇ. ಕೊಂಬೆ ಸದ್ದಿಲ್ಲದೆ ಕೈಗೆ ಬರುತ್ತಿತ್ತು. ಆ ಸುಖವನ್ನು ಏನೆಂದು ಹೇಳಲಿ? ಆಫೀಸಿನಲ್ಲಿ ಸಂಜೆಯ ತನಕ ದುಡಿದರೂ ಏನು ಮಾಡಿದೆನೆಂದು ತೋರಿಸಲು ನನ್ನ ಬಳಿ ಏನೂ ಇರುತ್ತಿರಲಿಲ್ಲ. ಇಲ್ಲಿ ಲೋಕಲ್ ಹಿಡಿಯುವ ಮೊದಲು ಒಂದಿಷ್ಟು ಕಡಿದರೆ ಅಷ್ಟು ಆಕಾಶ ಹೆಚ್ಚಾಗಿ ಕಾಣುತ್ತಿತ್ತು. ಕಡಿಯುವ ಸರದಿ ನನ್ನದು ಮತ್ತು ಬಸವಂತಪ್ಪನದು, ಮಸೆಯುವುದು ಮತ್ತು ಬಯ್ಯುವುದು ವನಜಾಕ್ಷಿಯದು. ನೋಡನೋಡುತ್ತ ಉಳಿದದ್ದು ನಡುವಿನ ಒಂದು ದೊಡ್ಡ ಪೊದೆ ಮಾತ್ರ. ನವರಾತ್ರಿಯ ಕೊನೆಯ ದಿನ ಆಫೀಸಿಗೆ ರಜೆ. ಅದನ್ನು ಆ ದಿನಕ್ಕೆಂದು ನಾನೇ ಇಟ್ಟುಕೊಂಡೆ, ಊಟದ ಕೊನೆಗೆ ಹೋಳಿಗೆ ಇಟ್ಟುಕೊಂಡಂತೆ.

ಆ ದಿನ ಮಹಾನವಮಿ ಎಂಬುದು ಪಂಚಾಂಗಕ್ಕೆ ಗೊತ್ತಿತ್ತು, ವನಜಾಕ್ಷಿಗೆ ಗೊತ್ತಿತ್ತು, ನನಗೆ ಹೊಳೆದಿರಲಿಲ್ಲ. ಬೆಳಿಗ್ಗೆ ಎದ್ದು ಕತ್ತಿ ಹುಡುಕಿದರೆ ಅದು ಸ್ನಾನ ಮಾಡಿ, ಅರಿಶಿನ ಕುಂಕುಮ ಇಟ್ಟುಕೊಂಡು, ಚೆಂಡುಹೂ ಮುಡಿದು ತಟ್ಟೆಯಲ್ಲಿ ಕೂತಿತ್ತು. ಆಯುಧಪೂಜೆ.

“ಇವತ್ತು ಮುಟ್ಟುವ ಹಾಗಿಲ್ಲ. ಅದಕ್ಕೂ ಒಂದು ದಿನ ರಜೆ ಬೇಡ್ವಾ?” ಎಂದಳು.

“ಇವತ್ತೇ ಕೊನೆಯ ದಿನ. ಒಂದು ಪೊದೆ ಬಾಕಿ ಉಂಟು. ನಿನ್ನ ಕಿಟಕಿಯ ಗತಿ?”

ಅವಳಿಗೂ ಮುಖ ಸಣ್ಣದಾಯಿತು. ಆದರೆ ಪೂಜೆಗೆ ಕೂತ ಕತ್ತಿಯನ್ನು ಎತ್ತಲು ಅವಳೂ ಬಿಡಲಿಲ್ಲ, ನನಗೂ ಧೈರ್ಯ ಬರಲಿಲ್ಲ. ಕಿಟಕಿಯ ಸರಳು ಹಿಡಿದು ಪೊದೆಯನ್ನೊಮ್ಮೆ ನೋಡಿ, “ಪೂಜೆ ಮನೆಯೊಳಗೇ ಆಗಬೇಕು ಅಂತ ಎಲ್ಲಿಯೂ ಇಲ್ಲ” ಎಂದಳು. ತಟ್ಟೆಯನ್ನು ಎತ್ತಿಕೊಂಡು ಹಿಂದಿನ ಜಾಗಕ್ಕೆ ಹೋಗಿ, ಆ ಪೊದೆಯ ಮುಂದೆ ಸಾರಿಸಿ, ರಂಗೋಲಿ ಹಾಕಿ, ಕಲ್ಲಿಗೆ ಒರಗಿಸಿ ಕತ್ತಿಯನ್ನು ಇಟ್ಟಳು. ಬಸವಂತಪ್ಪ ತನ್ನ ಕರಣೆ ಮತ್ತು ತೂಗುಗುಂಡು ತಂದ. ಯಾರೋ ಹೊಲಿಗೆಯಂತ್ರ ಹೊತ್ತು ತಂದರು. ಮಹಾರಾಷ್ಟ್ರದವರೂ ಅಂದು ಖಂಡೇನವಮಿ ಎಂದು ಆಯುಧ ಪೂಜಿಸುತ್ತಾರಾದ್ದರಿಂದ ಅವರ ಮನೆಗಳಿಂದಲೂ ಸುತ್ತಿಗೆ, ಕತ್ತರಿ, ಸೈಕಲ್ಲು ಬಂದವು. ಸಾವಂತರ ಹೆಂಡತಿ ಸೆರಗಿನಲ್ಲಿ ಏನನ್ನೋ ಮುಚ್ಚಿ ತಂದು ಕತ್ತಿಯ ಪಕ್ಕ ಇಟ್ಟು ಕುಂಕುಮ ಹಚ್ಚಿದರು.

ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಹೂಮಾಲೆ ಹಾಕಿಕೊಂಡ ಲಾರಿಯೊಂದು ಹಾರನ್ ಮಾಡುತ್ತ ಬಂತು. ಹೊಸ ಜಾಗದಲ್ಲೇ ಲಾರಿಯ ಪೂಜೆ ಮಾಡಿಸಬೇಕೆಂದು ಶೇಠ್ ಬಂದಿದ್ದ. ಜೊತೆಗೆ ಸಾವಂತರು. ಶೇಠ್ ಉಳಿದ ಪೊದೆಯ ಕಡೆ ಬೆರಳು ತೋರಿಸಿ, “ಸಾಫ್ ಕಹಾಂ ಹೈ?” ಎಂದ. ಅಷ್ಟರಲ್ಲಿ ಡ್ರೈವರ್ ಕೆಳಗಿಳಿದು, ಕತ್ತಿಯನ್ನು ನೋಡಿ, ಚಪ್ಪಲಿ ಬಿಟ್ಟು ಕೈಮುಗಿದ. ಬಸವಂತಪ್ಪ ಅವನ ಹತ್ತಿರ ಹೋಗಿ, “ಭಾಯಿ, ಏ ಲಾರಿ ಕಾ ಕಮಾನ್ ಹೈ” ಎಂದ. ಡ್ರೈವರ್ ಬಗ್ಗಿ ನೋಡಿ, ಹೌದೆಂದು ಕಂಡು, ಮತ್ತೊಮ್ಮೆ ಹಣೆ ನೆಲಕ್ಕೆ ಮುಟ್ಟಿಸಿದ. ಲಾರಿಯ ಕಮಾನಿಗೆ ಇಷ್ಟು ಮರ್ಯಾದೆ ಕೊಟ್ಟ ಜಾಗದ ಮೇಲೆ ತಾನು ಚಕ್ರ ಹತ್ತಿಸುವುದಿಲ್ಲ ಎಂದು ಶೇಠ್‌ಗೆ ಹೇಳಿಯೇಬಿಟ್ಟ.

ಶೇಠ್ ಹಟ ಬಿಡಲಿಲ್ಲ. ಜೇಬಿನಿಂದ ಕರಾರು ಪತ್ರ ತೆಗೆದು, ಇದಕ್ಕೆ ಸ್ಟ್ಯಾಂಪು ಒತ್ತಿ, ಲಾರಿ ನಾಳೆ ಬರುತ್ತದೆ ಎಂದು ಸಾವಂತರ ಮುಂದೆ ಹಿಡಿದ. ಸಾವಂತರು ಅಭ್ಯಾಸದಂತೆ ಜೇಬಿಗೆ ಕೈ ಹಾಕಿದರು. ಇನ್ನೊಂದು ಜೇಬಿಗೆ ಹಾಕಿದರು. ಆಮೇಲೆ ಅವರ ಕಣ್ಣು ಪೂಜೆಯ ಸಾಲಿನ ಮೇಲೆ ಹೋಯಿತು. ಕತ್ತಿಯ ಮಗ್ಗುಲಲ್ಲಿ, ಕುಂಕುಮ ಹಚ್ಚಿಕೊಂಡು, ತಲೆಗೊಂದು ಹೂವಿಟ್ಟುಕೊಂಡು, ಸೊಸೈಟಿಯ ರಬ್ಬರ್ ಸ್ಟ್ಯಾಂಪು ವಿರಾಜಮಾನವಾಗಿತ್ತು. “ಇವತ್ತು ಮುಟ್ಟಬಾರದು” ಎಂದು ಅವರ ಹೆಂಡತಿ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಸಾವಂತರು ಬಹಳ ಹೊತ್ತು ಸ್ಟ್ಯಾಂಪನ್ನು ನೋಡಿದರು. ನಂತರ ವನಜಾಕ್ಷಿ ಕೊಟ್ಟ ಕೋಸಂಬರಿಯನ್ನು ಬಾಯಿಗೆ ಹಾಕಿಕೊಂಡು, ನವರಾತ್ರಿಯೊಳಗೆ ಜಾಗ ಮೆಂಬರುಗಳ ಉಪಯೋಗಕ್ಕೆ ಬಂದಿರುವುದು ತಮ್ಮ ಕಣ್ಣಿಗೇ ಕಾಣುತ್ತಿದೆ, ಪೂಜೆಗಿಂತ ದೊಡ್ಡ ಉಪಯೋಗ ಯಾವುದು, ಒಂದು ಪೊದೆಯ ಮಾತು ನಾಳೆ ನೋಡೋಣ ಎಂದು ತೀರ್ಪು ಕೊಟ್ಟರು. ಶೇಠ್ ಕೂಡ ಕೆಟ್ಟವನಲ್ಲ. ಪ್ರಸಾದ ತಿಂದು, ಇನ್ನೊಂದು ಸಲ ಕೇಳಿ ತಿಂದು, ಲಾರಿ ಹತ್ತಿ ಹೋದ.

ವಿಜಯದಶಮಿಯ ಬೆಳಿಗ್ಗೆ ಇಡೀ ಬಿಲ್ಡಿಂಗಿನ ಎದುರು ಆ ಪೊದೆಯನ್ನು ನಾನು ಕಡಿದೆ. ಎಡಗೈಯಲ್ಲಿ ಎಳೆದು ಹಿಡಿದು, ಓರೆಯಾಗಿ, ಒಂದೊಂದು ಏಟಿಗೆ ಒಂದೊಂದು ಕೊಂಬೆ. ಕೊನೆಯ ಕೊಂಬೆ ಬಿದ್ದಾಗ ಕಿಟಕಿಯೊಳಗೆ ನಿಂತಿದ್ದ ವನಜಾಕ್ಷಿಯ ಮುಖ ಪೂರ್ತಿ ಕಾಣಿಸಿತು. ಅವಳು ನಗುತ್ತಿದ್ದಳು. ಆ ದಿನದಷ್ಟು ದೊಡ್ಡ ಮನುಷ್ಯನಾಗಿ ನಾನು ಮತ್ತೆಂದೂ ಬದುಕಲಿಲ್ಲ.

ಆಮೇಲೆ ನನಗೆ ಕತ್ತಿ ರಾಯರೆಂದೇ ಹೆಸರಾಯಿತು. ಬೇರೆ ಸೊಸೈಟಿಯವರೂ ಸಲಹೆ ಕೇಳಲು ಬರುತ್ತಿದ್ದರು. ಹೊಳೆಯುವುದನ್ನು ಕೊಳ್ಳಬೇಡಿ, ತಟ್ಟಿ ಕೇಳಿ, ಹಿಡಿ ಅಲ್ಲಾಡಿಸಿ ನೋಡಿ ಎಂದು ನಾನು ಹುಟ್ಟಿದಂದಿನಿಂದ ಬಲ್ಲವನಂತೆ ಹೇಳುತ್ತಿದ್ದೆ. ವನಜಾಕ್ಷಿ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮುಂದಿನ ವರ್ಷದ ಮಹಾನವಮಿಗೆ ಕತ್ತಿಯನ್ನು ತಾನೇ ತೊಳೆದು, ತರಕಾರಿ ಹೆಚ್ಚುವ ತನ್ನ ಮೆಟ್ಟುಗತ್ತಿಯ ಪಕ್ಕ ತನ್ನದೇ ಎಂಬಂತೆ ಇಟ್ಟಳು. ಹಾಗಾದರೆ ಪೂಜೆಗೆ ನನ್ನ ಆಯುಧ ಯಾವುದು ಎಂದು ಕೇಳಿದೆ. ಅವಳು ಕುಂಕುಮದ ಬಟ್ಟಲು ಹಿಡಿದು ನನ್ನ ಮುಖವನ್ನೇ ನೋಡಿದಳು.

“ವರ್ಷವಿಡೀ ನೀವು ಉಪಯೋಗಿಸುವುದು ನಾಲಗೆ. ಅದಕ್ಕೆ ಕುಂಕುಮ ಹಚ್ಚಲಿಕ್ಕೆ ಆಗುವುದಿಲ್ಲ. ಆದ್ರೆ ಇವತ್ತೊಂದು ದಿನ ಅದನ್ನು ಮುಟ್ಟುವ ಹಾಗಿಲ್ಲ” ಎಂದಳು.

ಅಂದಿನಿಂದ ಪ್ರತಿ ಮಹಾನವಮಿಯೂ ನಮ್ಮ ಮನೆಯಲ್ಲಿ ಬಹಳ ಪ್ರಶಾಂತವಾಗಿ ಕಳೆಯುತ್ತದೆ. ನಾನು ಇಷ್ಟು ಮಾತಾಡಿದ್ದನ್ನು ನೋಡಿದರೆ ಇವತ್ತು ವಿಜಯದಶಮಿ ಎಂಬುದು ಓದುಗರಿಗೆ ಆಗಲೇ ತಿಳಿದಿರಬೇಕು.